ಗೇರ್ ಕೈಗೆ ಬರಲಿ: ಹಳೆಯ ಆಟೋಮ್ಯಾಟಿಕ್ ಕಾರನ್ನು ಮ್ಯಾನ್ಯುವಲ್ ಮಾಡುವವರಿಗೆ 13 ಸೂತ್ರಗಳು

ಓಲ್ಡ್ ಗೋವಾದಲ್ಲಿ ವೈಸ್‌ರಾಯ್ ಕಮಾನು ದಾಟಿ ಇಳಿದರೆ ದಿವಾರ್ ದ್ವೀಪಕ್ಕೆ ಹೋಗುವ ಫೆರ್ರಿಯ ಕಟ್ಟೆ ಸಿಗುತ್ತದೆ. ಮಾಂಡೋವಿಯಲ್ಲಿ ನೀರಿಳಿದ ಹೊತ್ತಿಗೆ ಫೆರ್ರಿಯಿಂದ ದಡಕ್ಕೆ ಹತ್ತುವ ದಾರಿ ಕಡಿದಾಗುತ್ತದೆ, ಅದರ ಮೇಲೆ ಪಾಚಿಯ ಜಾರು ಬೇರೆ. ಒಂದು ಸಂಜೆ ನನ್ನ ಮರ್ಸಿಡಿಸ್ 240ಡಿ ಆ ಏರಿನಲ್ಲಿ ನಿಂತೇಬಿಟ್ಟಿತು. ರೇಸ್ ಕೊಟ್ಟಷ್ಟೂ ಎಂಜಿನ್ ಕೂಗಿತು, ಚಕ್ರ ಮಾತ್ರ ತಿರುಗಲಿಲ್ಲ. ಸ್ಕೂಟರ್ ಇಳಿದು ಬಂದ ನಾಲ್ವರು ತಳ್ಳಿ ದಡ ಹತ್ತಿಸಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಒಳಗಿನ ಕ್ಲಚ್‌ಗಳು ಸವೆದುಹೋಗಿದ್ದವು. ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಿಸಿದ ಮೇಲೆ ಈಗ ಅದೇ ಏರನ್ನು ಫಸ್ಟ್ ಗೇರಿನಲ್ಲಿ, ಹಾಫ್ ಕ್ಲಚ್ಚಿನಲ್ಲಿ ನಿಧಾನಕ್ಕೆ ಹತ್ತುತ್ತೇನೆ. ಆ ಸಂಜೆಯಿಂದ ಇಂದಿನವರೆಗೆ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಇಟ್ಟಿದ್ದೇನೆ.

ಗೋವಾದ ಹಳೆಯ ಮನೆಗಳ ಗ್ಯಾರೇಜುಗಳಲ್ಲಿ ಇಂಥ ಕಾರುಗಳು ಇನ್ನೂ ಉಳಿದಿವೆ. 1961ರ ಡಿಸೆಂಬರ್ 19ರ ವರೆಗೆ ಇಲ್ಲಿ ಪೋರ್ಚುಗೀಸ್ ಆಳ್ವಿಕೆ. ಭಾರತದಲ್ಲಿ ಆಮದಿಗೆ ಬಿಗಿ ಕಟ್ಟಿದ್ದ ಕಾಲದಲ್ಲೇ ಗೋವಾಕ್ಕೆ ಜರ್ಮನಿಯ, ಅಮೆರಿಕದ ಕಾರುಗಳು ಹಡಗಿನಲ್ಲಿ ಬಂದವು. ಪೂರ್ವ ಆಫ್ರಿಕಾದಿಂದ ಮರಳಿದ ಗೋವಾ ಕುಟುಂಬಗಳ ಜೊತೆ ಇನ್ನಷ್ಟು ಬಂದವು. ನನ್ನ ಕಾರೂ ನೈರೋಬಿಯ ರಸ್ತೆ ಕಂಡದ್ದು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ದೇಶದಾದ್ಯಂತ ದೊಡ್ಡ ಅಮೆರಿಕನ್ ಕಾರುಗಳಿಗೆ ಡೀಸೆಲ್ ಎಂಜಿನ್ ಹಾಕಿ, ಸಿಕ್ಕ ಮ್ಯಾನ್ಯುವಲ್ ಗೇರ್‌ಬಾಕ್ಸ್ ಕೂರಿಸಿ ಓಡಿಸಿದರು. ಹೊಟ್ಟೆಪಾಡಿನ ಆ ಕೆಲಸವನ್ನು ತಪ್ಪೆನ್ನಲಾರೆ. ಆದರೆ ಆಗ ಬಿಚ್ಚಿದ ಮೂಲ ಗೇರ್‌ಬಾಕ್ಸುಗಳು ಗುಜರಿಗೆ ಹೋದವು, ತಿರುಗಿ ಬರಲಿಲ್ಲ. ಆದ್ದರಿಂದ ಎಲ್ಲ ಸೂತ್ರಗಳಿಗೂ ತಾಯಿಯಂಥ ಮಾತೊಂದನ್ನು ಮೊದಲೇ ಹೇಳುತ್ತೇನೆ: ಕಾರನ್ನು ಮತ್ತೆ ಮೊದಲಿನಂತೆ ಮಾಡುವ ದಾರಿ ತೆರೆದಿರಲಿ.

1. ರೋಗ ಗೊತ್ತಾದ ಮೇಲೆ ಆಪರೇಷನ್

ಗೇರ್ ಜಾರುತ್ತಿದೆ ಎಂದ ಮಾತ್ರಕ್ಕೆ ಗೇರ್‌ಬಾಕ್ಸ್ ಸತ್ತಿದೆ ಎಂದಲ್ಲ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ, ಲಿವರ್ 'ಪಿ'ಯಲ್ಲಿಟ್ಟು ಎಣ್ಣೆಯ ಮಟ್ಟ ನೋಡಿ. ಎಣ್ಣೆ ಕಡಿಮೆಯಾಗಿ ಅಥವಾ ಫಿಲ್ಟರ್ ಕಟ್ಟಿಕೊಂಡು ಜಾರುವ ಬಾಕ್ಸುಗಳು ಬೇಕಾದಷ್ಟಿವೆ. ಗೇರ್ ಬದಲಾಗುವಾಗ 'ದಡ್' ಎಂದು ಒದ್ದರೆ ಗೇರ್‌ಬಾಕ್ಸಿಗೆ ಹೋಗುವ ವ್ಯಾಕ್ಯೂಮ್ ಕೊಳವೆ ಸೀಳಿದೆಯೇ ಎಂದು ತಡವಿ ನೋಡಿ; ಚಿಕ್ಕದೊಂದು ರಬ್ಬರ್ ತುಂಡಿನಲ್ಲಿ ಮುಗಿಯುವ ಕೆಲಸ ಅದಾಗಿರಬಹುದು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಪ್ಯಾನ್ ಬಿಚ್ಚಿದಾಗ ತಳದಲ್ಲಿ ಕರಿ ಹುಡಿ ಕೂತಿದ್ದರೆ, ಆಗ ಮುಂದಿನ ಸೂತ್ರಕ್ಕೆ ಬನ್ನಿ.

2. ಯಾವ ಕಾರಿಗೆ ಕೈ ಹಚ್ಚಬಾರದು ಎಂಬುದು ತಿಳಿದಿರಲಿ

ಕಾರ್ಖಾನೆ ಯಾವ ಮಾದರಿಯನ್ನು ಆಟೋಮ್ಯಾಟಿಕ್ಕಿನಲ್ಲಿ ಮಾತ್ರ ತಯಾರಿಸಿತೋ ಅದನ್ನು ಹಾಗೆಯೇ ಬಿಡಿ. ಮರ್ಸಿಡಿಸ್ 600 ಅಂಥದ್ದು. ಆ ಕಾರಿನ ಗುಣವೇ ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿದೆ. ಕೈಬೆರಳಲ್ಲಿ ಎಣಿಸುವಷ್ಟೇ ಉಳಿದ ಕಾರು, ಯಾರೂ ಬಿಚ್ಚದೆ ಬಂದ ಕಾರು, ಇವುಗಳಿಗೂ ಕೈ ಬೇಡ. ಮನಸ್ಸು ಹೊಯ್ದಾಡಿದರೆ ಮಡಗಾಂವ್ ಹತ್ತಿರದ ನುವೆಂನ ಹಳೆಯ ಕಾರುಗಳ ಸಂಗ್ರಹಾಲಯಕ್ಕೋ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ ಒಮ್ಮೆ ಹೋಗಿ ಬನ್ನಿ. ಇದ್ದದ್ದು ಇದ್ದ ಹಾಗೆ ಉಳಿದರೆ ಅದರ ಬೆಲೆ ಏನೆಂದು ಕಣ್ಣಿಗೇ ತಿಳಿಯುತ್ತದೆ.

ಮಾಡಬಹುದಾದ ಕಾರುಗಳೂ ಧಾರಾಳವಾಗಿವೆ. 240ಡಿ ಸೇರಿದ ಡಬ್ಲ್ಯೂ123 ಸರಣಿಯ ಸುಮಾರು 27 ಲಕ್ಷ ಕಾರುಗಳು 1975ರಿಂದ 1986ರ ನಡುವೆ ತಯಾರಾದವು. ಅವುಗಳಲ್ಲಿ ಎಷ್ಟೋ ಕಾರುಗಳು ಮ್ಯಾನ್ಯುವಲ್ ಆಗಿಯೇ ಹುಟ್ಟಿದವು. 60ರ ದಶಕದ ಷೆವ್ರೊಲೆ ಇಂಪಾಲಾಕ್ಕೂ ಎರಡು ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್ಕಿನ ಜೊತೆಗೆ, ಸ್ಟಿಯರಿಂಗ್ ಬುಡದಲ್ಲಿ ಲಿವರ್ ಇರುವ ಮೂರು ಗೇರಿನ ಮ್ಯಾನ್ಯುವಲ್ ಇತ್ತು. ಅಣ್ಣನಿಗೆ ಹೊಂದುವ ಅಂಗಿ ತಮ್ಮನಿಗೂ ಹೊಂದುತ್ತದೆ.

3. ಸ್ಪ್ಯಾನರಿಗೆ ಮೊದಲು ಕಾಗದ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನದ ಬದಲಾವಣೆಗೆ ಕಡಿವಾಣ ಹಾಕುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಗಟ್ಟಿಯಾಗಿ ಹೇಳಿದೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇದೇ ಮಾದರಿಗೆ ಕಂಪನಿಯೇ ಮ್ಯಾನ್ಯುವಲ್ ಗೇರ್‌ಬಾಕ್ಸ್ ಕೊಡುತ್ತಿತ್ತು ಎಂದು ತೋರಿಸುವ ಕೈಪಿಡಿಯ ಪುಟವನ್ನು ಅರ್ಜಿಗೆ ಲಗತ್ತಿಸಿ. ವಿಮಾ ಕಂಪನಿಗೂ ತಿಳಿಸಿ.

ಕಾರಿಗೆ 50 ತುಂಬಿದ್ದರೆ ಇನ್ನಷ್ಟು ಯೋಚಿಸಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲೇ ಉಳಿದ ಕಾರಿಗೆ 'ವಿಎ' ಅಕ್ಷರಗಳುಳ್ಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಅಂಥ ಕಾರನ್ನು ರ್‍ಯಾಲಿ, ಪ್ರದರ್ಶನ, ರಿಪೇರಿ ಮುಂತಾದವಕ್ಕೆ ರಸ್ತೆಗಿಳಿಸಬಹುದು, ದಿನಬಳಕೆಗೆ ಆಗದು. ರಾಜ್ಯದ ಸಮಿತಿ ಕಾರನ್ನು ನೋಡಿ ತೀರ್ಮಾನಿಸುತ್ತದೆ. ಆ ನಂಬರಿನ ಆಸೆಯಿದ್ದರೆ ಗೇರ್‌ಬಾಕ್ಸ್ ಮುಟ್ಟುವ ಮುನ್ನವೇ ಸಮಿತಿಯ ಅಭಿಪ್ರಾಯ ಕೇಳಿ.

4. ಸಂಬಂಧ ಅದೇ ಮನೆತನದಲ್ಲಿರಲಿ

ಅದೇ ಕಂಪನಿ, ಅದೇ ಮಾದರಿ, ಅದೇ ಕಾಲದ ಗೇರ್‌ಬಾಕ್ಸ್ ಹುಡುಕಿ. ಜೀಪಿನದೋ ವ್ಯಾನಿನದೋ ಬಾಕ್ಸ್ ಅಗ್ಗವಾಗಿ ಸಿಗುತ್ತದೆ. ಆದರೆ ಅದನ್ನು ಕೂರಿಸಲು ನಡುವೆ ಅಡಾಪ್ಟರ್ ತಟ್ಟೆ ಬೇಕು, ಕಾರಿನ ನೆಲದ ಟನೆಲ್ ಕತ್ತರಿಸಬೇಕು, ಕ್ರಾಸ್‌ಮೆಂಬರಿಗೆ ವೆಲ್ಡಿಂಗ್ ಹೊಡೆಯಬೇಕು. ಒಮ್ಮೆ ಕತ್ತರಿಸಿದ ತಗಡು ಮತ್ತೆ ಮೊದಲಿನಂತಾಗದು. ಕಾರ್ಖಾನೆ ಕೊರೆದ ತೂತಿಗೆ ಕಾರ್ಖಾನೆಯ ಬೋಲ್ಟೇ ಕೂರಬೇಕು. ಕೆಲಸದ ಯಾವ ಹಂತದಲ್ಲಾದರೂ ಮೇಸ್ತ್ರಿ ಗ್ಯಾಸ್ ಕಟರ್ ಕೇಳಿದರೆ, ಅಲ್ಲಿಗೆ ನಿಲ್ಲಿಸಿ ಮತ್ತೊಮ್ಮೆ ಯೋಚಿಸಿ.

5. ಚೂರುಚೂರಾಗಿ ಕೊಳ್ಳಬೇಡಿ, ಇಡೀ ಸೆಟ್ ತನ್ನಿ

ಗೇರ್‌ಬಾಕ್ಸ್ ಒಂದೇ ಬಂದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಕೈಯಲ್ಲಿ ಈ ಪಟ್ಟಿ ಇರಲಿ: ಫ್ಲೈವೀಲ್ ಮತ್ತು ಅದರ ಬೋಲ್ಟುಗಳು, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮತ್ತು ಫೋರ್ಕ್, ಪೆಡಲ್ ಬಾಕ್ಸ್, ಕ್ಲಚ್ಚಿನ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರುಗಳು, ಅವುಗಳ ನಡುವಿನ ಪೈಪು, ಗೇರ್ ಲಿವರ್ ಮತ್ತು ಅದರ ರಾಡುಗಳು, ಗೇರ್‌ಬಾಕ್ಸ್ ಮೌಂಟ್, ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಸ್ಪೀಡೋಮೀಟರ್ ಕೇಬಲ್.

ಪೆಡಲ್ ಬಾಕ್ಸ್ ಬಲಗಡೆ ಸ್ಟಿಯರಿಂಗ್ ಇರುವ ಕಾರಿನದ್ದೇ ಆಗಬೇಕು. ಜರ್ಮನಿಯಿಂದ ಬರುವುದು ಎಡಗಡೆಯದು, ನಮಗೆ ಹೊಂದದು. ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಾದ ಕಾರುಗಳಲ್ಲಿ ಹುಡುಕಿ. ಡಬ್ಲ್ಯೂ123 ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ನಿನಲ್ಲೂ ತಯಾರಾಗುತ್ತಿತ್ತು. ನಮ್ಮಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಮುಂಬೈಯ ಕುರ್ಲಾ ಸುತ್ತಿದರೆ ಸಣ್ಣಪುಟ್ಟ ಸಾಮಾನು ಕೈಗೆ ಸಿಗುತ್ತದೆ. ಪಟ್ಟಿಯ ಕೊನೆಯ ವಸ್ತು ಮನೆಗೆ ಬರುವವರೆಗೆ ಕಾರಿನ ಒಂದು ನಟ್ಟನ್ನೂ ಬಿಚ್ಚಬೇಡಿ. ಬಿಚ್ಚಿಟ್ಟು ಸಾಮಾನಿಗೆ ಕಾಯುತ್ತ ಕೂತ ಕಾರುಗಳೇ ಕೊನೆಗೆ ಗುಜರಿ ಸೇರುವುದು.

6. ಮಳೆಗಾಲ ನೋಡಿ ಕೆಲಸ ಹಚ್ಚಿ

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಉಪ್ಪುಗಾಳಿ. ಲೇತಿನಿಂದ ಫಳಫಳ ಹೊಳೆಯುತ್ತ ಬಂದ ಫ್ಲೈವೀಲನ್ನು ರಾತ್ರಿ ಬರಿದೇ ಬಿಟ್ಟರೆ ಬೆಳಗ್ಗೆ ಅದರ ಮೇಲೆ ಕೆಂಪು ಕೂತಿರುತ್ತದೆ. ಸಾಮಾನನ್ನು ಮಳೆಗಾಲದಲ್ಲಿ ಕೂಡಿಸಿ, ನವೆಂಬರಿನಲ್ಲಿ ಕೈ ಹಚ್ಚಿ, ಮೇ ಒಳಗೆ ಮುಗಿಸಿ. ಕ್ಲಚ್ಚಿನ ಮೈಗಳಿಗೆ ತೆಳುವಾಗಿ ಎಣ್ಣೆ ಸವರಿಡಿ, ಕೂರಿಸುವ ಮುನ್ನ ಬ್ರೇಕ್ ಕ್ಲೀನರಿನಲ್ಲಿ ಪೂರ್ತಿ ತೊಳೆಯಿರಿ. ಹಳೆಯ ಕ್ಲಚ್ ಪ್ಲೇಟಿನ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

7. ಕ್ರ್ಯಾಂಕಿನ ತುದಿಗೆ ಟಾರ್ಚ್ ಹಿಡಿಯಿರಿ

ಮ್ಯಾನ್ಯುವಲ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿರುವ ಪುಟ್ಟ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಆಟೋಮ್ಯಾಟಿಕ್ ಕಾರಿಗೆ ಆ ಬೇರಿಂಗ್ ಬೇಡವಾದ್ದರಿಂದ ಅಲ್ಲಿ ಅದು ಇರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಅದು ಕೂರುವ ಗುಳಿಯನ್ನೂ ಪೂರ್ತಿ ಕೊರೆದಿರುವುದಿಲ್ಲ. ಎಂಜಿನ್ನಿಗೂ ಆಟೋಮ್ಯಾಟಿಕ್ ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್ ಇಳಿಸಿದ ತಕ್ಷಣ ಕ್ಯಾಲಿಪರ್ ಹಿಡಿದು ಗುಳಿಯ ಅಗಲ, ಆಳ ಎರಡನ್ನೂ ಅಳೆಯಿರಿ. ಈ ಐದು ನಿಮಿಷದ ಕೆಲಸ ತಪ್ಪಿದರೆ ಶಾಫ್ಟ್ ಆಸರೆಯಿಲ್ಲದೆ ತೂಗಾಡುತ್ತದೆ, ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಬೇಗ ಸಾಯುತ್ತದೆ.

8. ಫ್ಲೈವೀಲ್ ತೂಗದೆ ಕೂರಿಸಬೇಡಿ

ನಾನು ಕೈಸುಟ್ಟುಕೊಂಡದ್ದು ಇಲ್ಲಿ. ಬೇರೆ ಕಾರಿನಿಂದ ಬಂದ ಫ್ಲೈವೀಲನ್ನು ಒಂದು ಗ್ಯಾರೇಜಿನಲ್ಲಿ ಹಾಗೆಯೇ ಕೂರಿಸಿದರು, ನಾನೂ ಒಪ್ಪಿಕೊಂಡೆ. ನಿಂತಲ್ಲಿ ಎಂಜಿನ್ ಸುಮ್ಮನೆ ಗುನುಗುತ್ತಿತ್ತು. ಥರ್ಡ್ ಗೇರಿನಲ್ಲಿ ವೇಗ ಹಿಡಿದಾಗ ಗೇರ್ ಲಿವರ್ ಅಂಗೈಯಲ್ಲಿ ಜುಂ ಎನ್ನತೊಡಗಿತು, ಕನ್ನಡಿಯಲ್ಲಿ ಹಿಂದಿನ ಲಾರಿಯ ಬಣ್ಣ ಮಾತ್ರ ಕಂಡಿತು, ರೂಪ ಕಾಣಲಿಲ್ಲ. ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಯಿತು.

ಕಾರಣ ಸರಳ. ಈ ಎಂಜಿನ್ನುಗಳ ಕ್ರ್ಯಾಂಕು ಮತ್ತು ಅದರ ಬೆನ್ನಿಗಿರುವ ತಟ್ಟೆ (ಆಟೋಮ್ಯಾಟಿಕ್ಕಿನಲ್ಲಿ ಫ್ಲೆಕ್ಸ್ ಪ್ಲೇಟು, ಮ್ಯಾನ್ಯುವಲ್ಲಿನಲ್ಲಿ ಫ್ಲೈವೀಲು) ಕಾರ್ಖಾನೆಯಲ್ಲಿ ಒಂದಕ್ಕೊಂದು ತೂಕ ಹೊಂದಿಸಿಕೊಂಡು ಬಂದ ಜೋಡಿ. ಒಂದನ್ನು ತೆಗೆದು ಇನ್ನೊಂದು ಹಾಕುವಾಗ ಹೊಸದು ಹಳೆಯದರ ತೂಕದ ಹಂಚಿಕೆಯನ್ನೇ ಅನುಸರಿಸಬೇಕು. ತೆಗೆದ ಫ್ಲೆಕ್ಸ್ ಪ್ಲೇಟು ಮತ್ತು ತಂದ ಫ್ಲೈವೀಲು ಎರಡನ್ನೂ ಗೋಣಿಯಲ್ಲಿ ಸುತ್ತಿಕೊಂಡು ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋದೆ. ಅಲ್ಲಿನ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಕಬ್ಬಿಣಕ್ಕೆ ಮಾತು ಕಲಿಸುವ ಕೈಗಳಿವೆ. ಬ್ಯಾಲೆನ್ಸಿಂಗ್ ಯಂತ್ರದ ಮುಂದೆ ನಿಂತ ಹಿರಿಯರು ಮೊದಲು ಹಳೆಯ ತಟ್ಟೆಯನ್ನು ತಿರುಗಿಸಿ, ಭಾರ ಯಾವ ಕೋನದಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಫ್ಲೈವೀಲನ್ನು ಏರಿಸಿ, ಬೋಲ್ಟಿನ ತೂತುಗಳನ್ನು ಅದೇ ಕೋನಕ್ಕೆ ಹೊಂದಿಸಿ, ಹಿಂಬದಿಯಲ್ಲಿ ಉಗುರಗಲದ ಮೂರು ಕುಳಿ ಕೊರೆದರು. ಪ್ರತಿ ಕುಳಿಗೂ ಒಮ್ಮೆ ನಿಲ್ಲಿಸಿ, ತಿರುಗಿಸಿ, ನೋಡಿ, ಮತ್ತೆ ಕೊರೆದರು. ಅಳೆದೂ ಸುರಿದೂ ಮಾಡುವುದು ಎಂದರೆ ಏನೆಂದು ಅಂದು ಕಂಡೆ. ಫ್ಲೈವೀಲನ್ನು ಮತ್ತೆ ಕೂರಿಸಿ ಓಡಿಸಿದಾಗ ಕನ್ನಡಿಯಲ್ಲಿ ಲಾರಿಯ ನಂಬರು ಓದಲು ಬಂತು.

ಬಿಚ್ಚುವ ಮೊದಲೇ ಹಳೆಯ ತಟ್ಟೆಗೂ ಕ್ರ್ಯಾಂಕಿಗೂ ಪಂಚಿನಿಂದ ಗುರುತು ಹೊಡೆಯಿರಿ. ಫ್ಲೈವೀಲಿನ ಬೋಲ್ಟುಗಳು ಬಿಗಿದಾಗ ಹಿಗ್ಗುವ ಜಾತಿಯವು, ಹೊಸದನ್ನೇ ಹಾಕಿ. ಕ್ಲಚ್ ಪ್ಲೇಟನ್ನು ಅಲೈನ್‌ಮೆಂಟ್ ಕಡ್ಡಿಯಿಂದ ನಡುವಿಗೆ ತಂದು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಬಾಕ್ಸ್ ಹೇಗೂ ಕೆಳಗಿರುವಾಗ ಕ್ರ್ಯಾಂಕಿನ ಹಿಂದಿನ ಎಣ್ಣೆ ಸೀಲನ್ನು ನೋಡಿ. ನೂರು ರೂಪಾಯಿ ಉಳಿಸಲು ಹೋಗಿ ಹೊಸ ಕ್ಲಚ್ಚಿಗೆ ಎಣ್ಣೆ ಕುಡಿಸಬೇಡಿ.

9. ಕ್ಲಚ್ಚಿನ ಎಣ್ಣೆ ಮೇಲ್ಮುಖವಾಗಿ ಹರಿಯಲಿ

ಡಬ್ಲ್ಯೂ123ರಲ್ಲಿ ಕ್ಲಚ್ಚಿಗೆ ಬೇರೆ ಡಬ್ಬಿಯಿಲ್ಲ. ಬ್ರೇಕ್ ಎಣ್ಣೆಯ ಡಬ್ಬಿಯಿಂದಲೇ ಒಂದು ಪೈಪು ಕ್ಲಚ್ಚಿನ ಮಾಸ್ಟರ್ ಸಿಲಿಂಡರಿಗೆ ಬರುತ್ತದೆ. ಗಾಳಿ ತೆಗೆಯಲು ಪೆಡಲ್ ತುಳಿತುಳಿದು ಸೋತವರು ಬಹಳ. ಮುಂದಿನ ಬ್ರೇಕ್ ಕ್ಯಾಲಿಪರಿನ ಬ್ಲೀಡರಿನಿಂದ ಕ್ಲಚ್ಚಿನ ಸ್ಲೇವ್ ಸಿಲಿಂಡರಿಗೆ ಪಾರದರ್ಶಕ ಪೈಪು ಜೋಡಿಸಿ, ಬ್ರೇಕ್ ಪೆಡಲನ್ನು ಮೆಲ್ಲಗೆ ಒತ್ತಿ. ಎಣ್ಣೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಗುಳ್ಳೆಗಳನ್ನು ಡಬ್ಬಿಗೆ ತಳ್ಳುತ್ತದೆ. ಡಬ್ಬಿ ತುಂಬಿ ಚೆಲ್ಲದಂತೆ ಒಬ್ಬರು ನೋಡುತ್ತಿರಲಿ, ಬ್ರೇಕ್ ಎಣ್ಣೆ ಬಿದ್ದಲ್ಲಿ ಬಣ್ಣ ಕಿತ್ತುಬರುತ್ತದೆ. ಈ ಎಣ್ಣೆ ಗಾಳಿಯ ತೇವ ಹೀರುವಂಥದ್ದು. ಕರಾವಳಿಯಲ್ಲಿ ಓಡುವ ಕಾರಿಗೆ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ.

10. ಬಿಟ್ಟುಹೋದ ತಂತಿ, ಕೊಳವೆಗಳಿಗೆ ಒಂದು ನೆಲೆ ಮಾಡಿ

ಆಟೋಮ್ಯಾಟಿಕ್ ಬಾಕ್ಸ್ ಇಳಿದ ಮೇಲೆ ಕೀ ತಿರುಗಿಸಿದರೆ ಸ್ಟಾರ್ಟರ್ ಸದ್ದು ಮಾಡದು. 'ಪಿ' ಅಥವಾ 'ಎನ್'ನಲ್ಲಿ ಮಾತ್ರ ಸ್ಟಾರ್ಟ್ ಮಾಡಲು ಬಿಡುವ ಸ್ವಿಚ್ಚು ಬಾಕ್ಸಿನ ಜೊತೆಗೇ ಹೋಗಿರುತ್ತದೆ. ಆ ಎರಡು ತಂತಿಗಳನ್ನು ಸುಮ್ಮನೆ ಸೇರಿಸದೆ ಕ್ಲಚ್ ಪೆಡಲಿನಲ್ಲೊಂದು ಸ್ವಿಚ್ ಇಟ್ಟು ಅದಕ್ಕೆ ಜೋಡಿಸಿ. ಕ್ಲಚ್ ಒತ್ತಿದರೆ ಮಾತ್ರ ಎಂಜಿನ್ ಏಳಲಿ. ಗೇರಿನಲ್ಲಿ ನಿಂತ ಕಾರನ್ನು ಮಕ್ಕಳು ಸ್ಟಾರ್ಟ್ ಮಾಡಿ ಅನಾಹುತವಾಗುವುದು ಹೀಗೆ ತಪ್ಪುತ್ತದೆ. ರಿವರ್ಸ್ ದೀಪದ ತಂತಿಯನ್ನು ಹೊಸ ಬಾಕ್ಸಿಗೆ ತನ್ನಿ.

ಡೀಸೆಲ್ ಮರ್ಸಿಡಿಸ್‌ಗಳಲ್ಲಿ ಎಂಜಿನ್ ಆರಿಸುವ ಕೆಲಸವೂ ವ್ಯಾಕ್ಯೂಮಿನದ್ದೇ. ಹಳೆಯ ಗೇರ್‌ಬಾಕ್ಸಿಗೆ ಹೋಗುತ್ತಿದ್ದ ವ್ಯಾಕ್ಯೂಮ್ ಕೊಳವೆಯನ್ನು ಬಾಯಿ ತೆರೆದು ಬಿಟ್ಟರೆ, ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರಬಹುದು. ಅದಕ್ಕೆ ಗಟ್ಟಿಯಾದ ರಬ್ಬರ್ ಬಿರಡೆ ಹಾಕಿ. ರೇಡಿಯೇಟರಿಗೆ ಹೋಗುತ್ತಿದ್ದ ಎಣ್ಣೆ ತಂಪಾಗಿಸುವ ಪೈಪುಗಳ ಬಾಯಿಗೂ ಬಿರಡೆ ಬೇಕು.

11. ಶಾಫ್ಟಿನ ನಟ್ಟನ್ನು ಕೊನೆಗೆ ಬಿಗಿಯಿರಿ

ಎರಡು ಬಾಕ್ಸುಗಳ ಉದ್ದ ಬೇರೆ, ಆದ್ದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಬೇರೆ. ಕತ್ತರಿಸಿ ವೆಲ್ಡ್ ಮಾಡಿದ ಶಾಫ್ಟ್ ಬೇಡ, ಮ್ಯಾನ್ಯುವಲ್ ಕಾರಿನದ್ದನ್ನೇ ಹಾಕಿ. ರಬ್ಬರ್ ಫ್ಲೆಕ್ಸ್ ಡಿಸ್ಕಿನಲ್ಲಿ ಬಿರುಕು ಕಂಡರೆ ಬದಲಿಸಿ. ಕಾರನ್ನು ಚಕ್ರದ ಮೇಲಿಳಿಸಿ, ಹಿಂದೆಮುಂದೆ ಒಂದೆರಡು ಬಾರಿ ಉರುಳಿಸಿ, ಶಾಫ್ಟ್ ತನ್ನ ಜಾಗ ಕಂಡುಕೊಂಡ ಮೇಲೆ ನಡುವಿನ ನಟ್ ಬಿಗಿಯಿರಿ. ಗೇರ್‌ಬಾಕ್ಸಿಗೆ ಯಾವ ಎಣ್ಣೆ ಎಂಬುದನ್ನು ಕೈಪಿಡಿಯಲ್ಲೇ ನೋಡಿ. ಈ ಕಾಲದ ಮರ್ಸಿಡಿಸ್ ಮ್ಯಾನ್ಯುವಲ್ ಬಾಕ್ಸುಗಳು ಕುಡಿಯುವುದು ಆಟೋಮ್ಯಾಟಿಕ್ಕಿನ ತೆಳು ಎಣ್ಣೆಯನ್ನೇ. ರೂಢಿಯಂತೆ ದಪ್ಪ ಗೇರ್ ಎಣ್ಣೆ ಸುರಿದರೆ ಬೆಳಗಿನ ಹೊತ್ತು ಗೇರ್ ಬೀಳಲು ಹಟ ಮಾಡುತ್ತದೆ.

12. ತೆಗೆದದ್ದನ್ನು ದೇವರ ಸಾಮಾನಿನಂತೆ ಕಾಪಾಡಿ

ಹಳೆಯ ಆಟೋಮ್ಯಾಟಿಕ್ ಬಾಕ್ಸನ್ನು ಮಾರಬೇಡಿ. ಎಣ್ಣೆ ಬಸಿದು, ತೂತುಗಳಿಗೆಲ್ಲ ಬಿರಡೆ ಹಾಕಿ, ಬಣ್ಣವಿಲ್ಲದ ಕಬ್ಬಿಣದ ಭಾಗಗಳಿಗೆ ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಿ, ನೆಲದ ತೇವ ತಾಗದಂತೆ ಹಲಗೆಯ ಮೇಲಿಡಿ. ಟಾರ್ಕ್ ಕನ್ವರ್ಟರ್, ಫ್ಲೆಕ್ಸ್ ಪ್ಲೇಟ್, ಅಗಲದ ಬ್ರೇಕ್ ಪೆಡಲ್, ಲಿವರ್, ಶಾಫ್ಟ್, ಬೋಲ್ಟುಗಳು ಎಲ್ಲವೂ ಒಂದೇ ಕಡೆ ಇರಲಿ. ಪ್ರತಿ ಚೀಲಕ್ಕೂ ಚೀಟಿ ಕಟ್ಟಿ: ಏನು, ಎಲ್ಲಿಯದು, ಯಾವ ದಿನ ತೆಗೆದದ್ದು. ಹಂತಹಂತದ ಫೋಟೋಗಳನ್ನು ಮುದ್ರಿಸಿ ಆರ್‌ಸಿ ಪ್ರತಿಯ ಜೊತೆ ಫೈಲಿನಲ್ಲಿಡಿ. ನಾವು ಈ ಕಾರುಗಳಿಗೆ ಮಾಲೀಕರಾಗಿರುವುದು ಕೆಲವು ವರ್ಷ ಮಾತ್ರ. ಮುಂದೆ ಬರುವವರಿಗೆ ಮೂಲದಂತೆ ಬೇಕೆನಿಸಿದರೆ ಅವರ ಕೈ ಬರಿದಾಗಿರಬಾರದು.

13. ಕಾಲಿಗೂ ಕಿವಿಗೂ ಪಾಠ ಮಾಡಿ

ಮೊದಲ 500 ಕಿ.ಮೀ. ಹೊಸ ಕ್ಲಚ್ಚನ್ನು ಹೂವಿನಂತೆ ನೋಡಿಕೊಳ್ಳಿ. ಭಾರ ಎಳೆಯುವುದು, ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ನಿಲ್ಲಿಸಿಕೊಳ್ಳುವುದು ಬೇಡ. ಆಮೇಲೆ ಒಂದು ಬೆಳಗ್ಗೆ ಮೊಲ್ಲೆಂನಿಂದ ಅನಮೋಡ ಘಾಟ್ ಹತ್ತಿಸಿ. 240ಡಿಯ ಎಂಜಿನ್ನಿಗೆ ಇರುವುದೇ 65ರಿಂದ 72 ಅಶ್ವಶಕ್ತಿ. ತಿರುವಿಗೆ ಮೊದಲೇ ಸೆಕೆಂಡಿಗೆ ಇಳಿಸಿದರೆ ಅಷ್ಟರಲ್ಲೇ ಸರಾಗವಾಗಿ ಹತ್ತುತ್ತದೆ. ಇಳಿಯುವಾಗ ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಕಾರನ್ನು ತಡೆಯಲಿ, ಬ್ರೇಕ್ ತಂಪಾಗಿರಲಿ. ನಿಲ್ಲಿಸುವಾಗ 'ಪಿ' ಇನ್ನಿಲ್ಲ ಎಂಬುದನ್ನು ಮರೆಯಬೇಡಿ. ಗೇರಿನಲ್ಲಿಟ್ಟು ಪಾರ್ಕಿಂಗ್ ಬ್ರೇಕ್ ಹಾಕಿ ಇಳಿಯಿರಿ.

ಕೆಲಸ ಮುಗಿದ ಮೇಲೆ ನೀರಿಳಿದ ಹೊತ್ತು ನೋಡಿಯೇ ನಾನು ಮತ್ತೆ ದಿವಾರ್ ಫೆರ್ರಿ ಹತ್ತಿದೆ. ಬರುವಾಗ ಓಲ್ಡ್ ಗೋವಾದ ಕಟ್ಟೆಯಲ್ಲಿ ಅದೇ ಏರು, ಅದೇ ಪಾಚಿ, ಹಿಂದೆ ಅದೇ ಸ್ಕೂಟರುಗಳ ಸಾಲು. ಫಸ್ಟ್ ಗೇರ್ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟೆ. ಕಚ್ಚುವ ಜಾಗ ಅಂಗಾಲಿಗೆ ತಿಳಿಯಿತು, ಕಾರು ತಡವರಿಸದೆ ದಡ ಸೇರಿತು. ಮನೆಯ ಅಟ್ಟದ ಕೆಳಗೆ, ಹಲಗೆಯ ಮೇಲೆ, ನೈರೋಬಿಯಿಂದ ಬಂದ ಆಟೋಮ್ಯಾಟಿಕ್ ಬಾಕ್ಸು ಚೀಟಿ ಕಟ್ಟಿಸಿಕೊಂಡು ಕೂತಿದೆ. ಮಳೆಗಾಲ ಮುಗಿದಾಗಲೆಲ್ಲ ಪ್ಲಾಸ್ಟಿಕ್ ಬಿಚ್ಚಿ, ಒರೆಸಿ, ಗ್ರೀಸ್ ಸವರಿ ಮತ್ತೆ ಸುತ್ತಿಡುತ್ತೇನೆ.